ನಾಯಿ ಕಚ್ಚಿದರೆ ಕಾಯಬೇಡಿ

ನಮ್ಮ ದೇರೆಬೈಲಿನಲ್ಲಿ ನಾಯಿಗಳಿಗೆ ಕಡಿಮೆ ಇಲ್ಲ. ಅಂಗಳದಲ್ಲಿ ಒಂದು, ಬಸ್ ಸ್ಟಾಪಿನ ಹತ್ತಿರ ನಾಲ್ಕು, ಮೀನಿನ ಅಂಗಡಿ ಎದುರು ಇನ್ನೂ ನಾಲ್ಕು. ನಾಯಿ ನಮಗೆ ಬೇಕು. ಅದು ರಾತ್ರಿ ಮನೆ ಕಾಯುತ್ತದೆ. ಮಕ್ಕಳ ಜೊತೆ ಆಡುತ್ತದೆ. ಆದರೆ ನಾಯಿಯಿಂದ ನಮಗೆ ಬರುವ ಒಂದು ದೊಡ್ಡ ರೋಗ ಇದೆ. ಅದೇ ರೇಬೀಸ್. ಹುಚ್ಚು ನಾಯಿ ರೋಗ ಅಂತ ನಾವು ಹೇಳುತ್ತೇವೆ. ಲಕ್ಷಣ ಕಾಣಿಸಿದ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಅದಕ್ಕೆ ಮೊದಲೇ ತಡೆಯಬೇಕು.

ಶಾಲೆಯಿಂದ ಬರುವ ಹುಡುಗನಿಗೆ ನಾಯಿ ಕಚ್ಚಿತು ಅಂತ ಇಟ್ಟುಕೊಳ್ಳೋಣ. ಕಾಲಿಗೆ ಸಣ್ಣ ಗಾಯ. ತಾಯಿ ಬೀಡಿ ಕಟ್ಟುತ್ತಾ ಕೂತಿದ್ದಾರೆ. ಪಕ್ಕದ ಮನೆ ಅಜ್ಜಿ ಹೇಳುತ್ತಾರೆ:

"ಎಂತ ಆಗುವುದಿಲ್ಲ ಮಗಾ. ಸ್ವಲ್ಪ ಮೆಣಸಿನ ಹುಡಿ ಹಾಕು. ನಾಯಿ ಸಾಯ್ತದಾ ಅಂತ ಹತ್ತು ದಿನ ನೋಡುವ."

ಅಜ್ಜಿಗೆ ಹುಡುಗನ ಮೇಲೆ ಪ್ರೀತಿ ಇದೆ. ಆದರೆ ಮಾತು ತಪ್ಪು. ಯಾಕೆ?

ರೋಗಾಣು ಹೋಗುವ ದಾರಿ

ರೋಗಾಣು ನಾಯಿಯ ಜೊಲ್ಲಿನಲ್ಲಿ ಇರುತ್ತದೆ. ಕಚ್ಚಿದಾಗ ಗಾಯದೊಳಗೆ ಸೇರುತ್ತದೆ. ಅಲ್ಲಿಂದ ನರಗಳ ದಾರಿ ಹಿಡಿದು ಮಿದುಳಿಗೆ ಹೋಗುತ್ತದೆ. ಇದಕ್ಕೆ ಹೆಚ್ಚಾಗಿ ಒಂದರಿಂದ ಮೂರು ತಿಂಗಳು ಬೇಕು. ಕೆಲವೊಮ್ಮೆ ವಾರವೇ ಸಾಕು. ಅದು ಮಿದುಳು ಮುಟ್ಟುವ ಮೊದಲು ನಾವು ಆಸ್ಪತ್ರೆ ಮುಟ್ಟಬೇಕು. ತಲೆಗೆ, ಮುಖಕ್ಕೆ ಕಚ್ಚಿದರೆ ದಾರಿ ಹತ್ತಿರ. ಅಪಾಯ ಹೆಚ್ಚು.

ಚುಚ್ಚುಮದ್ದು ಬಂದ ಕಥೆ

ಫ್ರಾನ್ಸ್ ದೇಶದ ಪಶುವೈದ್ಯ ಗಾಲ್ಟಿಯೆ 1879ರಲ್ಲಿ ನಾಯಿಯ ರೋಗವನ್ನು ಮೊಲಗಳಿಗೆ ಬರಿಸಿ ಪರೀಕ್ಷೆ ಮಾಡಿದರು. ಅದೇ ದೇಶದ ಲೂಯಿ ಪಾಶ್ಚರ್ ಅದನ್ನು ಮುಂದುವರಿಸಿದರು. 1885ರ ಜುಲೈ 6ರಂದು ನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ ಅವರ ಚುಚ್ಚುಮದ್ದು ಕೊಟ್ಟರು. ಹುಡುಗ ಬದುಕಿದ.

ನಮ್ಮ ದಕ್ಷಿಣ ಭಾರತದಲ್ಲಿ 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. ಹಿಂದೆ ಹೊಕ್ಕುಳಿನ ಸುತ್ತ 14 ಇಂಜೆಕ್ಷನ್ ಕೊಡುತ್ತಿದ್ದರು. ಹಿರಿಯರಿಗೆ ಆ ಹೆದರಿಕೆ ಇನ್ನೂ ಇದೆ. ಆದರೆ 2004ರ ಕೊನೆಗೆ ಆ ಮದ್ದು ತಯಾರಿಸುವುದನ್ನು ನಮ್ಮ ದೇಶದಲ್ಲಿ ನಿಲ್ಲಿಸಿದರು. ಈಗ ತೋಳಿಗೆ ಕೊಡುತ್ತಾರೆ. ನಾಲ್ಕೈದು ಸಲ ಹೋದರೆ ಸಾಕು.

ಕಣ್ಣಿಗೆ ಕಾಣದ್ದು

ನಾಯಿಗೆ ಡಿಸ್ಟೆಂಪರ್ ಎಂಬ ಇನ್ನೊಂದು ರೋಗ ಬರುತ್ತದೆ. ಅದರಲ್ಲೂ ನಾಯಿ ನಡುಗುತ್ತದೆ, ಜೊಲ್ಲು ಸುರಿಸುತ್ತದೆ. ಹಾಗಾಗಿ ನೋಡಿದ ಕೂಡಲೇ ಇದು ಇಂಥದ್ದೇ ರೋಗ ಅಂತ ಹೇಳಲು ಆಗುವುದಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೇಬೀಸ್ ಪರೀಕ್ಷೆಯ ಪ್ರಯೋಗಾಲಯ ಇದೆ. ಅಲ್ಲಿ ಸತ್ತ ನಾಯಿಯ ಮಿದುಳಿನ ತುಣುಕಿಗೆ ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಇದ್ದರೆ ಹಸಿರು ಚುಕ್ಕೆಗಳು ಹೊಳೆಯುತ್ತವೆ.

ಅಜ್ಜಿ ಹೇಳಿದ ಹತ್ತು ದಿನದಲ್ಲೂ ಒಂದು ಸತ್ಯ ಇದೆ. ಕಚ್ಚುವಾಗ ಜೊಲ್ಲಿನಲ್ಲಿ ರೋಗಾಣು ಇದ್ದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ನಾಯಿಯನ್ನು ನೋಡುತ್ತಾ ಇರಿ. ಆದರೆ ಮೊದಲ ಇಂಜೆಕ್ಷನ್ ಅದೇ ದಿನ ಆಗಲಿ. ನಾಯಿ ಆರೋಗ್ಯವಾಗಿ ಉಳಿದರೆ ಮುಂದಿನದ್ದನ್ನು ಡಾಕ್ಟರು ಹೇಳುತ್ತಾರೆ.

ನಾವು ಮಾಡಬೇಕಾದದ್ದು

1. ಗಾಯವನ್ನು ಸಾಬೂನು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸಾಬೂನು ರೋಗಾಣುವನ್ನು ಕೊಲ್ಲುತ್ತದೆ.
2. ಮೆಣಸಿನ ಹುಡಿ, ಸುಣ್ಣ, ಎಣ್ಣೆ ಹಾಕಬೇಡಿ. ಬಟ್ಟೆ ಬಿಗಿಯಬೇಡಿ.
3. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ಹಂಪನಕಟ್ಟೆಯಲ್ಲಿ ವೆನ್‌ಲಾಕ್ ಆಸ್ಪತ್ರೆ ಇದೆ. ರಕ್ತ ಬಂದಿದ್ದರೆ ಗಾಯಕ್ಕೇ ಕೊಡುವ ಇನ್ನೊಂದು ಮದ್ದೂ ಬೇಕು. ಅದನ್ನು ಕೇಳಿ.
4. ಡಾಕ್ಟರು ಚೀಟಿಯಲ್ಲಿ ಬರೆದ ತಾರೀಕುಗಳನ್ನು ಓದಿ. ಒಂದನ್ನೂ ತಪ್ಪಿಸಬೇಡಿ.
5. ಸಾಕಿದ ನಾಯಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ. ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಿ.

ಊರಿನ 100 ನಾಯಿಗಳಲ್ಲಿ 70ಕ್ಕೆ ಲಸಿಕೆ ಆದರೆ ರೋಗ ಹರಡುವುದು ನಿಲ್ಲುತ್ತದೆ. ಇದಕ್ಕೆ ಬೀದಿ ನಾಯಿಗಳನ್ನು ಕೊಲ್ಲಬೇಕಾಗಿಲ್ಲ. ಲಸಿಕೆ ಹಾಕುವವರು ಬಂದಾಗ ನಾಯಿ ಹಿಡಿಯಲು ನಾವೂ ಜೊತೆ ಸೇರೋಣ.

ಆ ಹುಡುಗನ ತಾಯಿ ಬೀಡಿ ಮೊರ ಕೆಳಗಿಡಲಿ. ಗಾಯ ತೊಳೆದು, ಮಗನ ಕೈ ಹಿಡಿದು ಬಸ್ಸು ಹತ್ತಲಿ. ಅಜ್ಜಿಯೂ ಜೊತೆಗೆ ಹೋಗಲಿ.