ಮನೆಯವರು ಇದ್ದರೇ ಹೋಂಸ್ಟೇ

ಮಕ್ಕಳು ಪೇಟೆ ಸೇರಿದ್ದಾರೆ, ತೋಟದ ಮನೆಯಲ್ಲಿ ಎರಡು ಕೋಣೆ ಖಾಲಿ. ಮೊಬೈಲಿನ ಬುಕಿಂಗ್ ಆ್ಯಪ್‌ಗೆ ಫೋಟೋ ಹಾಕಿದರೆ ಅತಿಥಿಗಳು ಬರುತ್ತಾರೆ, ನಾಲ್ಕು ಕಾಸೂ ಆಗುತ್ತದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆ ಬೆಳೆ ಕೈಕೊಟ್ಟ ವರ್ಷ ಹೀಗೆ ಸಂಸಾರ ತೂಗಿಸಿದವರಿದ್ದಾರೆ. ನೋಂದಣಿ ಮಾಡಿಸಿ ಎಂದರೆ ಮಾತ್ರ, "ನಮ್ಮ ಮನೆಗೆ ನೆಂಟರು ಬಂದ ಹಾಗಲ್ವಾ, ನಡುವೆ ಸರಕಾರ ಯಾಕೆ?" ಅನ್ನುವವರೇ ಜಾಸ್ತಿ.

ಸ್ವಲ್ಪ ಹೊರಗೆ ನೋಡೋಣ. ಅಮೆರಿಕದ ನ್ಯೂಯಾರ್ಕಿನಲ್ಲಿ ಊರಿನವರು ಬಾಡಿಗೆಗಿರಬೇಕಾದ ಮನೆಗಳೇ ಪ್ರವಾಸಿಗಳ ಪಾಲಾದವು. 2022ರಲ್ಲಿ ಕಾನೂನು ಮಾಡಿದರು, 2023ರ ಸೆಪ್ಟೆಂಬರಿನಿಂದ ಬಿಗಿಯಾಗಿ ಜಾರಿಗೆ ತಂದರು. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವುದಾದರೆ ನೋಂದಣಿ ಬೇಕು, ಮನೆಯವರು ಜತೆಗೇ ಇರಬೇಕು, ಅತಿಥಿಗಳು ಇಬ್ಬರಿಗಿಂತ ಹೆಚ್ಚಿರಬಾರದು. ನೋಂದಣಿ ಇಲ್ಲದ ಮನೆಗೆ ಆ್ಯಪ್ ಕಂಪೆನಿ ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಹತ್ತಾರು ಫ್ಲ್ಯಾಟ್ ಇಟ್ಟು ದಂಧೆ ಮಾಡುತ್ತಿದ್ದವರ ಜತೆ, ಸ್ವಂತದ ಚಿಕ್ಕ ಮನೆಯ ಒಂದು ಭಾಗ ಕೊಡುತ್ತಿದ್ದವರಿಗೂ ಪೆಟ್ಟು ಬಿತ್ತು. ಸ್ಪೇನಿನ ಬಾರ್ಸಿಲೋನಾ ಇನ್ನೂ ಮುಂದೆ ಹೋಯಿತು. 2028ರ ನವೆಂಬರ್ ಹೊತ್ತಿಗೆ 10,101 ಪ್ರವಾಸಿ ಫ್ಲ್ಯಾಟುಗಳ ಪರವಾನಗಿ ನಿಲ್ಲಿಸುತ್ತೇವೆಂದು 2024ರಲ್ಲೇ ಸಾರಿತು.

ಪಾಠ ಇಷ್ಟೆ: ಹದ ಮೀರುವ ತನಕ ಬಿಟ್ಟರೆ ಆಮೇಲೆ ಬರುವ ಕಾನೂನು ದೊಡ್ಡವ, ಸಣ್ಣವ ಎಂದು ನೋಡುವುದಿಲ್ಲ.

ನಮ್ಮಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಂತೆ ಹೋಂಸ್ಟೇ ಅಂದರೆ ಹೆಚ್ಚೆಂದರೆ 6 ಕೋಣೆ, 12 ಹಾಸಿಗೆ. ಮನೆಯವರು ಅಲ್ಲೇ ವಾಸವಿರಬೇಕು. ರಾಜ್ಯದಲ್ಲಿ ನೋಂದಣಿ ಮಾಡುವುದು ಪ್ರವಾಸೋದ್ಯಮ ಇಲಾಖೆ. 'ಮನೆಯವರು ಇರಬೇಕು' ಎಂಬ ಈ ಷರತ್ತೇ ಸಣ್ಣ ರೈತನಿಗೆ ಬೇಲಿ. ತೋಟ ಕೊಂಡು, ಬಂಗಲೆ ಕಟ್ಟಿ, ಮೇಸ್ತ್ರಿಯ ಕೈಗೆ ಬೀಗದ ಕೈ ಕೊಟ್ಟು ಹೋದವರದ್ದು ಹೋಂಸ್ಟೇ ಅಲ್ಲ, ಲಾಡ್ಜು. ನೋಂದಣಿಯೇ ಇಲ್ಲದಿದ್ದರೆ ಇಲಾಖೆಗೆ ಅವರೂ ಒಂದೇ, ನಾವೂ ಒಂದೇ. ಅಲ್ಲಿ ರಾತ್ರಿ ಗಲಾಟೆಯಾದರೆ ಹೆಸರು ಕೆಡುವುದು ಇಡೀ ಊರಿನ ಹೋಂಸ್ಟೇಗಳದ್ದು.

ಲೆಕ್ಕಪತ್ರ ಅಂದ ಕೂಡಲೇ ಹೆದರಬೇಡಿ. ವರ್ಷದ ವಹಿವಾಟು 20 ಲಕ್ಷ ರೂ. ದಾಟದೆ, ಜಿಎಸ್‌ಟಿ ನೋಂದಣಿ ಇಲ್ಲದವರ ಕೋಣೆ ಆ್ಯಪ್ ಮೂಲಕ ಬುಕ್ ಆದರೆ ಆ ತೆರಿಗೆ ಕಟ್ಟುವ ಹೊಣೆ ಆ್ಯಪ್ ಕಂಪೆನಿಯದ್ದು. ದಿನಕ್ಕೆ 7,500 ರೂ. ವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ. 5. ವಿದೇಶೀಯರು ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಲೇಬೇಕು. ಬಂದವರ ಹೆಸರು, ಗುರುತುಚೀಟಿ, ಬಂದ-ಹೋದ ದಿನ ಒಂದು ಪುಸ್ತಕದಲ್ಲಿ ಬರೆದಿಡಿ.

ಎರಡು ಕೋಣೆಯವನನ್ನೂ ಆರು ಕೋಣೆಯವನಷ್ಟೇ ಕಚೇರಿ ಅಲೆಸುವುದು ತಪ್ಪು. ಇದನ್ನು ಇಲಾಖೆಗೆ ಗಟ್ಟಿಯಾಗಿ ಹೇಳೋಣ. ಆದರೆ ಹೇಳುವ ಬಾಯಿಗೆ ಬಲ ಬರಬೇಕಾದರೆ ಮೊದಲು ನಮ್ಮ ಹೆಸರು ಇಲಾಖೆಯ ಪಟ್ಟಿಯಲ್ಲಿರಬೇಕು.