ಟೈಲ್ಸ್ ಓರೆಯಾಗಿ ಹಾಕಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆಯೇ? ಫಾರ್ವರ್ಡ್‌ಗಳು ಹೇಳದೆ ಬಿಡುವ ಲೆಕ್ಕ

ಮನೆ ಕಟ್ಟಿಸುತ್ತಿರುವವರ ಫೋನಿಗೆ ಟೈಲ್ಸ್ ಬಗ್ಗೆ ಸಲಹೆಗಳು ಬರುತ್ತಲೇ ಇರುತ್ತವೆ. ‘ಸಣ್ಣ ಕೋಣೆಗೆ ಓರೆಯಾಗಿ ಹಾಕಿಸಿ, ದೊಡ್ಡದಾಗಿ ಕಾಣುತ್ತದೆ’, ‘ಮರದ ಹಲಗೆಯಂಥ ಉದ್ದ ಟೈಲ್ಸನ್ನು ಇಟ್ಟಿಗೆ ಗೋಡೆಯ ಹಾಗೆ ಅರ್ಧಕ್ಕೆ ಸರಿಸಿ ಜೋಡಿಸಿ’, ‘ಸಂದು ಬಿಡಬೇಡಿ, ಕೊಳೆ ಕೂರುತ್ತದೆ’, ‘ಬಾತ್‌ರೂಮಿಗೂ ದೊಡ್ಡ ಟೈಲ್ಸೇ ಚೆಂದ’. ಜೊತೆಗೆ ನಾಲ್ಕು ಸೊಗಸಾದ ಫೋಟೊಗಳು.

ಗೋಡೆಯ ಬಣ್ಣ ಹಿಡಿಸದಿದ್ದರೆ ಮೇಲೆ ಇನ್ನೊಂದು ಬಣ್ಣ ಬಳಿಯಬಹುದು. ನೆಲ ಹಾಗಲ್ಲ. ತಪ್ಪಾದರೆ ಒಡೆದೇ ತೆಗೆಯಬೇಕು. ಬಾತ್‌ರೂಮಿನಲ್ಲಿ ತಪ್ಪಾದರೆ ಮನೆಯ ಹಿರಿಯರು ಜಾರಿ ಬೀಳುವ ಅಪಾಯವೂ ಇದೆ. ಹಾಗಾಗಿ ಈ ಸಲಹೆಗಳನ್ನು ನಾವು ಒಂದೊಂದಾಗಿ ನೋಡೋಣ.

ಹೇಳಿಕೆ 1: ಓರೆಯಾಗಿ ಹಾಕಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆ

ಇದು ಅರ್ಧ ನಿಜ. ಗೆರೆಗಳು ಕಣ್ಣನ್ನು ಮೋಸಗೊಳಿಸುತ್ತವೆ ಎಂಬುದು ಹಳೆಯ ವಿಷಯ. ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದನ್ನು ವಿವರಿಸಿದ್ದರು. ಒಂದೇ ಅಳತೆಯ ಎರಡು ಚೌಕಗಳಲ್ಲಿ ಒಂದಕ್ಕೆ ಅಡ್ಡಗೆರೆ, ಇನ್ನೊಂದಕ್ಕೆ ಉದ್ದಗೆರೆ ತುಂಬಿಸಿದರೆ, ಅಡ್ಡಗೆರೆಯದು ಎತ್ತರವಾಗಿಯೂ ಉದ್ದಗೆರೆಯದು ಅಗಲವಾಗಿಯೂ ಕಾಣುತ್ತದೆ. ಆದರೆ ಅದು ಕಾಗದದ ಮೇಲಿನ ಚೌಕ. ನಿಮ್ಮ ಕೋಣೆಯಲ್ಲಿ ಮಂಚ, ಸೋಫಾ, ಬೀರು ಬಂದ ಮೇಲೆ ನೆಲ ಎಷ್ಟು ಕಾಣುತ್ತದೆ, ಬೆಳಕು ಎಲ್ಲಿಂದ ಬೀಳುತ್ತದೆ ಎಂಬುದೂ ಅಷ್ಟೇ ಮುಖ್ಯವಾಗುತ್ತದೆ.

ಖರ್ಚಿನ ಮಾತು ಮಾತ್ರ ಖಚಿತ. 15×20 ಅಡಿಯ ಹಾಲ್ ಎಂದರೆ 300 ಚದರ ಅಡಿ. ‘2×2’ ಟೈಲ್ ಅಂದರೆ 4 ಚದರ ಅಡಿ, 75 ಟೈಲ್ ಸಾಕು ಎಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಅಂಗಡಿಯ ‘2×2’ ಟೈಲ್‌ನ ನಿಜವಾದ ಅಳತೆ ಸಾಮಾನ್ಯವಾಗಿ 600 ಮಿ.ಮೀ., ಅಂದರೆ ಎರಡು ಅಡಿಗಿಂತ ಸ್ವಲ್ಪ ಕಡಿಮೆ. ಒಂದು ಟೈಲ್ ಸುಮಾರು 3.87 ಚದರ ಅಡಿ, 4 ಟೈಲ್‌ಗಳ ಬಾಕ್ಸ್ ಸುಮಾರು 15.5 ಚದರ ಅಡಿ. ಹಾಗಾಗಿ ಬೇಕಾಗುವುದು 75 ಅಲ್ಲ, 78.

ಇದಕ್ಕೆ ವೇಸ್ಟೇಜ್ ಸೇರಿಸಬೇಕು. ನೇರ ಜೋಡಣೆಗೆ ಶೇ. 10, ಓರೆ ಜೋಡಣೆಗೆ ಶೇ. 15 ಹೆಚ್ಚುವರಿ ತರಿಸುವುದು ವಾಡಿಕೆ. ಈ ಹಾಲ್‌ಗೆ ನೇರವಾದರೆ 22 ಬಾಕ್ಸ್, ಓರೆಯಾದರೆ 23. ಓರೆ ಹಾಕಿದಾಗ ಗೋಡೆಯ ಅಂಚಿನುದ್ದಕ್ಕೂ ತ್ರಿಕೋನಗಳನ್ನು ಕತ್ತರಿಸಬೇಕಾಗುತ್ತದೆ, ಕೂಲಿಯೂ ಏರಬಹುದು. ಕೋಣೆ ಸಣ್ಣದಾದಷ್ಟೂ ಒಟ್ಟು ಜಾಗದಲ್ಲಿ ಅಂಚಿನ ಪಾಲು ಹೆಚ್ಚು. ಅಂದರೆ ಯಾವ ಸಣ್ಣ ಕೋಣೆಯನ್ನು ದೊಡ್ಡದು ಮಾಡಿ ತೋರಿಸಲು ಹೊರಟಿದ್ದೇವೋ, ಅಲ್ಲಿಯೇ ಅತಿ ಹೆಚ್ಚು ಟೈಲ್ ಪೋಲಾಗುತ್ತದೆ.

ಹೇಳಿಕೆ 2: ಉದ್ದ ಟೈಲ್ಸನ್ನು ಅರ್ಧಕ್ಕೆ ಸರಿಸಿ ಜೋಡಿಸಬೇಕು

ಉದ್ದ ಟೈಲ್ಸ್ ಮಟ್ಟಿಗೆ ಇದು ತಪ್ಪು ಸಲಹೆ. ವಿಟ್ರಿಫೈಡ್ ಟೈಲ್ಸನ್ನು ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಕೆಂಡದ ಮೇಲಿಟ್ಟ ಹಪ್ಪಳ ಮುದುರುವುದನ್ನು ನೋಡಿದ್ದೀರಲ್ಲ, ಟೈಲ್ ಕೂಡ ಅತಿ ಸಣ್ಣ ಪ್ರಮಾಣದಲ್ಲಿ ಬಾಗಬಹುದು. ನಡುಭಾಗ ಕೂದಲೆಳೆಯಷ್ಟು ಮೇಲೆ, ಎರಡೂ ತುದಿ ಕೆಳಗೆ. ಉದ್ದ ಹೆಚ್ಚಿದಂತೆ ಈ ಬಾಗು ಎದ್ದು ಕಾಣುತ್ತದೆ.

ಈಗ ಅರ್ಧಕ್ಕೆ ಸರಿಸಿ ಜೋಡಿಸಿದರೆ ಏನಾಗುತ್ತದೆ? ಒಂದು ಟೈಲ್‌ನ ಎತ್ತರದ ನಡುಭಾಗದ ಪಕ್ಕದಲ್ಲೇ ಇನ್ನೊಂದರ ತಗ್ಗಾದ ತುದಿ ಬಂದು ಕೂರುತ್ತದೆ. ಬರಿಗಾಲಲ್ಲಿ ನಡೆದರೆ ಅಂಚು ತಗಲುತ್ತದೆ, ಸಂಜೆಯ ಓರೆ ಬಿಸಿಲಿನಲ್ಲಿ ನೆರಳು ಮೂಡುತ್ತದೆ. ಬೈಗುಳ ಮೇಸ್ತ್ರಿಗೆ, ತಪ್ಪು ವಿನ್ಯಾಸದ್ದು.

ಅದಕ್ಕೇ ಒಂದು ಬದಿ 15 ಇಂಚಿಗಿಂತ ಉದ್ದವಿರುವ ಟೈಲ್ಸನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸರಿಸಬಾರದು ಎಂದು ಅಮೆರಿಕದ ಟೈಲ್ಸ್ ಜೋಡಣೆಯ ಮಾನದಂಡ ಹೇಳುತ್ತದೆ. 48 ಇಂಚಿನ ಹಲಗೆ ಟೈಲ್ ಆದರೆ 24 ಇಂಚಲ್ಲ, 16 ಇಂಚು. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಎರಡು ಟೈಲ್‌ಗಳ ಹೊಳಪಿನ ಮುಖಗಳನ್ನು ಒಂದಕ್ಕೊಂದು ಹೊಂದಿಸಿ ಹಿಡಿದು ನೋಡಿ. ತುದಿಗಳಲ್ಲಿ ಸಂದು ಕಂಡರೆ ಬಾಗು ಇದೆ ಎಂದರ್ಥ.

ಹೇಳಿಕೆ 3: ಸಂದು ಬಿಡದೆ ಒತ್ತೊತ್ತಾಗಿ ಹಾಕಿಸಿ

ಇದನ್ನು ಖಂಡಿತ ಪಾಲಿಸಬೇಡಿ. ಬಿಸಿಯಾದಾಗ ಟೈಲ್ ಹಿಗ್ಗುತ್ತದೆ. 20 ಅಡಿ ಉದ್ದದ ನೆಲದಲ್ಲಿ 20 ಡಿಗ್ರಿ ಶಾಖ ಹೆಚ್ಚಾದರೆ ಒಟ್ಟು ಹಿಗ್ಗು ಸುಮಾರು ಒಂದು ಮಿ.ಮೀ.ನಷ್ಟು. ಇನ್ನೊಂದೆಡೆ ಹೊಸ ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಸಂದು ಇಲ್ಲದಿದ್ದರೆ ಟೈಲ್‌ಗಳು ಒಂದನ್ನೊಂದು ತಳ್ಳಿ, ಕೊನೆಗೆ ಗುಡಾರದ ಹಾಗೆ ಎದ್ದು ನಿಲ್ಲುತ್ತವೆ. ಕೆಳಗೆ ಗಾರೆ ಸರಿಯಾಗಿ ಹಿಡಿಯದೆ ಪೊಳ್ಳಾಗಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ನಡುರಾತ್ರಿ ಢಬ್ ಎಂದು ಟೈಲ್ಸ್ ಎದ್ದಾಗ ಭೂಕಂಪ, ಭೂತಚೇಷ್ಟೆ ಎಂದೆಲ್ಲ ಹಬ್ಬುವ ಸುದ್ದಿಗಳ ಹಿಂದೆ ಸಾಮಾನ್ಯವಾಗಿ ಇರುವುದು ಇಷ್ಟೇ.

ಟೈಲ್‌ಗಳ ನಡುವೆ ಸ್ಪೇಸರ್ ಇಟ್ಟು 2–3 ಮಿ.ಮೀ. ಸಂದು ಬಿಡಿಸಿ. ಗೋಡೆಯ ಬುಡದಲ್ಲಿ ಸುತ್ತಲೂ 5–6 ಮಿ.ಮೀ. ಜಾಗ ಇರಲಿ. ಅದು ಸ್ಕರ್ಟಿಂಗ್ ಕೆಳಗೆ ಮರೆಯಾಗುತ್ತದೆ. ಕೊಳೆಯ ಚಿಂತೆಗೆ ಎಪಾಕ್ಸಿ ಗ್ರೌಟ್ ಇದೆ. ಅದು ನೀರು, ಎಣ್ಣೆ ಹೀರುವುದಿಲ್ಲ.

ಹೇಳಿಕೆ 4: ಬಾತ್‌ರೂಮ್ ನೆಲಕ್ಕೂ ದೊಡ್ಡ ಟೈಲ್ಸ್

ಇಲ್ಲಿ ಅಂದಕ್ಕಿಂತ ಇಳಿಜಾರು ಮುಖ್ಯ. ನೀರು ನಾಲ್ಕೂ ಕಡೆಯಿಂದ ಜಾಲರಿಯ ಕಡೆಗೆ ಹರಿಯಬೇಕು. ದೊಡ್ಡ ಟೈಲ್ ಗಟ್ಟಿ ಹಲಗೆಯಂತೆ ಒಂದೇ ದಿಕ್ಕಿಗೆ ವಾಲಬಲ್ಲದು. ಇಳಿಜಾರು ಕೂಡುವಲ್ಲೆಲ್ಲ ಕತ್ತರಿಸದಿದ್ದರೆ ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ. ಸಣ್ಣ ಟೈಲ್ಸ್ ಇಳಿಜಾರಿಗೆ ಸುಲಭವಾಗಿ ಹೊಂದಿಕೊಳ್ಳುತ್ತವೆ, ಹೆಚ್ಚು ಸಂದುಗಳು ಇರುವುದರಿಂದ ಕಾಲಿಗೆ ಹಿಡಿತವೂ ಸಿಗುತ್ತದೆ. ಮೇಲ್ಮೈ ಮಾತ್ರ ಒರಟಾದ ಆ್ಯಂಟಿ-ಸ್ಕಿಡ್ ಆಗಿರಲೇಬೇಕು. ದೊಡ್ಡ ಟೈಲ್ಸ್ ಇಷ್ಟವಿದ್ದರೆ ಗೋಡೆಗೆ ಹಾಕಿಸಿ.

ಕಪ್ಪು–ಬಿಳುಪು ಹಾಕಿಸುವ ಮುನ್ನ

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ಕೆಫೆಯ ಹೊರಗೋಡೆಗೆ ಕಪ್ಪು–ಬಿಳಿ ಟೈಲ್ಸನ್ನು ಸಾಲಿನಿಂದ ಸಾಲಿಗೆ ಸರಿಸಿ ಹಾಕಿದ್ದರು. ಸಾಲುಗಳೆಲ್ಲ ನೇರವಾಗಿದ್ದರೂ ನೋಡುವವರಿಗೆ ಸೊಟ್ಟಗೆ ಕಾಣುತ್ತಿದ್ದವು. ಮನೋವಿಜ್ಞಾನಿಗಳಾದ ರಿಚರ್ಡ್ ಗ್ರೆಗರಿ ಮತ್ತು ಪ್ರಿಸಿಲ್ಲಾ ಹರ್ಡ್ 1979ರಲ್ಲಿ ಇದರ ಬಗ್ಗೆ ಪ್ರಕಟಿಸಿದರು. ಸಂದಿನ ಬಣ್ಣ ಕಪ್ಪು–ಬಿಳಿಗಳ ನಡುವಿನ ಬೂದು ಆಗಿದ್ದಾಗ ಈ ಭ್ರಮೆ ಹೆಚ್ಚು. ಹಾಗಾಗಿ ಇಂಥ ವಿನ್ಯಾಸಕ್ಕೆ ಬೂದು ಗ್ರೌಟ್ ಹಾಕಿಸಿ, ಆಮೇಲೆ ‘ಸೊಟ್ಟ ಹಾಕಿದ್ದಾರೆ’ ಎಂದು ಜಗಳಕ್ಕೆ ಇಳಿಯಬೇಡಿ. ದಾರ ಹಿಡಿದು ನೋಡಿ.

ಮನೆಯಲ್ಲಿ ಮಂದದೃಷ್ಟಿ ಅಥವಾ ಮರೆವಿನ ಕಾಯಿಲೆ ಇರುವ ಹಿರಿಯರಿದ್ದರೆ ಇನ್ನೂ ಎಚ್ಚರ ಬೇಕು. ನೆಲದ ಮೇಲಿನ ಗಾಢ ಚೌಕ ಅವರಿಗೆ ಗುಂಡಿಯಂತೆ, ಹೊಳಪಿನ ನೆಲ ನೀರು ಚೆಲ್ಲಿದಂತೆ ಕಾಣಬಹುದು. ಹೆಜ್ಜೆ ಇಡಲು ಹೆದರುತ್ತಾರೆ, ಎಡವುತ್ತಾರೆ. ಅವರು ಓಡಾಡುವಲ್ಲಿ ಒಂದೇ ಬಣ್ಣದ, ಹೊಳಪಿಲ್ಲದ ನೆಲ ಒಳ್ಳೆಯದು.

ಹಾಗಾದರೆ ಯಾವ ಮನೆಗೆ ಯಾವ ಜೋಡಣೆ?

• ಕಂಬ, ತೊಟ್ಟಿ, ಹೆಂಚಿನ ಮಾಡು ಇರುವ ಹಳೆಯ ಶೈಲಿಯ ಮನೆಗೆ ನೇರ ಜೋಡಣೆಯೇ ಚೆಂದ. ಶಹಾಬಾದ್ ಕಲ್ಲಿನ ನೆಲಗಳನ್ನು ನೆನಪಿಸಿಕೊಳ್ಳಿ, ಆ ಸರಳತೆಯೇ ಅವುಗಳ ಅಂದ.
• ಅಪಾರ್ಟ್‌ಮೆಂಟಿನ ಹಾಲ್‌ಗೆ ದೊಡ್ಡ ಟೈಲ್ಸ್, ನೇರ ಸಾಲು, ಟೈಲ್ ಬಣ್ಣದ್ದೇ ಗ್ರೌಟ್. ಗೆರೆಗಳು ಎದ್ದು ಕಾಣುವುದಿಲ್ಲ.
• ಮರದ ಹಲಗೆಯಂಥ ಟೈಲ್ಸ್ ಮಲಗುವ ಕೋಣೆಗೆ. ಸರಿಸುವುದು ಮೂರನೇ ಒಂದರಷ್ಟು ಮಾತ್ರ.
• ಮೀನಿನ ಮೂಳೆಯಂತೆ ಹೆಣೆದ ಜೋಡಣೆಗೆ ಶೇ. 15ರಿಂದ 20 ಹೆಚ್ಚುವರಿ ಟೈಲ್ಸ್ ಬೇಕು. ಇಡೀ ಮನೆಗೆ ಬೇಡ, ಬಾಗಿಲ ಬಳಿಯೋ ಒಂದು ಗೋಡೆಗೋ ಸಾಕು.
• ಆರು ಮೂಲೆಯ ಟೈಲ್ಸ್ ಬಾಲ್ಕನಿಗೆ, ಅಡುಗೆಮನೆ ಗೋಡೆಗೆ ಹೊಂದುತ್ತವೆ. ಅಂಚಿನಲ್ಲಿ ಕತ್ತರಿಸುವ ಕೆಲಸ ಹೆಚ್ಚು.

ಯಾವುದೇ ಜೋಡಣೆಯಾದರೂ ಗಾರೆ ಹಾಕುವ ಮೊದಲು ಒಂದೆರಡು ಸಾಲು ಒಣದಾಗಿಯೇ ಜೋಡಿಸಿ, ಬಾಗಿಲಲ್ಲಿ ನಿಂತು ನೋಡಿ. ಎದುರು ಗೋಡೆಯ ಬಳಿ ಎರಡು ಇಂಚಿನ ತುಂಡು ಬರುವಂತಿದ್ದರೆ ಆರಂಭದ ಗೆರೆಯನ್ನು ಆಗಲೇ ಸರಿಸಬಹುದು. ಎಲ್ಲ ಬಾಕ್ಸ್‌ಗಳ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಬಣ್ಣದಲ್ಲಿ ವ್ಯತ್ಯಾಸ ಬರಬಹುದು. ಮುಂದೆ ರಿಪೇರಿಗೆಂದು ಒಂದು ಬಾಕ್ಸ್ ಎತ್ತಿಡಿ.

ನಿಮ್ಮ ಗುಂಪಿನಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಇದನ್ನು ಅವರಿಗೆ ಕಳುಹಿಸಿ. ಟೈಲ್ಸ್ ಅಂಗಡಿಗೆ ಹೋಗುವ ಮೊದಲೇ ಓದಿದರೆ ಹೆಚ್ಚು ಉಪಯೋಗ.