ಕಾಯುವುದಕ್ಕೂ ಒಂದು ಕ್ರಮವಿದೆ

ಪ್ರೋಗ್ರಾಮುಗಳು ಕೆಡುವುದರಲ್ಲಿ ಎರಡು ಬಗೆ. ಒಂದು, ದಢಕ್ಕನೆ ಬಿದ್ದುಹೋಗುವುದು. ಅದಾದರೆ ಲಾಗ್ ಫೈಲಿನಲ್ಲಿ ಏನಾದರೂ ಕುರುಹು ಸಿಗುತ್ತದೆ. ಇನ್ನೊಂದು, ಸುಮ್ಮನೆ ನಿಂತುಬಿಡುವುದು. ಎರರ್ ಇಲ್ಲ, ಸಿಪಿಯು ಬಳಕೆ ಸೊನ್ನೆ, ಪರದೆಯ ಮೇಲೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಕೆಲಸ ಮಾತ್ರ ನಡೆಯುವುದಿಲ್ಲ. ಹದಿನೈದು ವರ್ಷಗಳಿಂದ ಪುಣೆಯಲ್ಲಿ ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಮಾಡಿಕೊಂಡಿರುವ ನನಗೆ ಈ ಎರಡನೆಯದರ ಭಯವೇ ಹೆಚ್ಚು.

ಇದಕ್ಕೆ ಒಂದು ಸಾಮಾನ್ಯ ಕಾರಣ, ಥ್ರೆಡ್‌ಗಳು ಕಾಯುವ ರೀತಿ. ಒಂದೇ ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳೇ ಥ್ರೆಡ್‌ಗಳು. ಒಂದು ಥ್ರೆಡ್ ಡೇಟಾ ತರುತ್ತದೆ, ಇನ್ನೊಂದು ಅದನ್ನು ಲೆಕ್ಕ ಹಾಕುತ್ತದೆ. ಡೇಟಾ ಬರುವವರೆಗೆ ಎರಡನೆಯದು ಕಾಯಬೇಕು. ‘ಬಂತಾ, ಬಂತಾ’ ಎಂದು ಕೇಳುತ್ತಲೇ ಇದ್ದರೆ ಸಿಪಿಯು, ಬ್ಯಾಟರಿ ಎರಡೂ ದಂಡ. ಹಾಗಾಗಿ ಅದು ಕಾಯುವವರ ಸಾಲಿನಲ್ಲಿ, ಅಂದರೆ ವೇಟ್ ಕ್ಯೂನಲ್ಲಿ, ಹೆಸರು ಬರೆಸಿ ಮಲಗುತ್ತದೆ. ಡೇಟಾ ಬಂದಾಗ ಆಪರೇಟಿಂಗ್ ಸಿಸ್ಟಮ್ ಎಬ್ಬಿಸುತ್ತದೆ.

ಮುಂಬೈನವರಿಗೆ ಮಾಟುಂಗಾದ ಉಡುಪಿ ಹೋಟೆಲುಗಳ ಭಾನುವಾರದ ಬೆಳಗು ಗೊತ್ತೇ ಇದೆ. ಟೇಬಲ್ ಸಿಗದಿದ್ದರೆ ಹೆಸರು ಬರೆಸಿ ಹೊರಗೆ ನಿಲ್ಲಬೇಕು. ನೀವು ಒಳಗೆ ಇಣುಕಿದಿರಿ, ಟೇಬಲ್ ಇಲ್ಲ. ಹೆಸರು ಬರೆಸಲು ತಿರುಗುವಷ್ಟರಲ್ಲಿ ಒಂದು ಖಾಲಿಯಾಯಿತು. ಪಟ್ಟಿ ಹಿಡಿದವರು ನೋಡಿದರೆ ಅದರಲ್ಲಿ ಹೆಸರೇ ಇಲ್ಲ, ಯಾರನ್ನೂ ಕರೆಯಲಿಲ್ಲ. ಆಮೇಲೆ ನೀವು ಹೆಸರು ಬರೆಸಿ ನಿಂತಿರಿ. ಒಳಗೆ ಟೇಬಲ್ ಖಾಲಿ, ಹೊರಗೆ ನೀವು ಹಸಿದುಕೊಂಡು. ಹೋಟೆಲಿನಲ್ಲಾದರೆ ಯಾರಾದರೂ ಗಮನಿಸುತ್ತಾರೆ. ಕಂಪ್ಯೂಟರಿನಲ್ಲಿ ಕೊನೆಯವರೆಗೂ ಹಾಗೇ ನಿಂತಿರುತ್ತೀರಿ. ನಮ್ಮ ಕಸುಬಿನಲ್ಲಿ ಇದರ ಹೆಸರು ‘ಲಾಸ್ಟ್ ವೇಕಪ್’, ಕಳೆದುಹೋದ ಕರೆ.

ಪರಿಹಾರ ಒಂದೇ: ನೋಡುವುದಕ್ಕೂ ಹೆಸರು ಬರೆಸುವುದಕ್ಕೂ ನಡುವೆ ಸಂದು ಇರಬಾರದು. ಲಿನಕ್ಸ್ ಕರ್ನಲ್ ತನ್ನೊಳಗೆ ಮೊದಲು ಹೆಸರು ಬರೆಸಿ, ಆಮೇಲೆ ಇನ್ನೊಮ್ಮೆ ಇಣುಕಿ ನೋಡಿ, ನಂತರವೇ ಮಲಗುತ್ತದೆ. ನಮ್ಮಂಥವರ ಪ್ರೋಗ್ರಾಮುಗಳಿಗೆ ಅದು ಕೊಡುವ ಸಾಧನ ‘ಫ್ಯೂಟೆಕ್ಸ್’. 2003ರ ಕೊನೆಯಲ್ಲಿ ಬಂದ 2.6 ಆವೃತ್ತಿಯೊಂದಿಗೆ ಇದು ಬಳಕೆಗೆ ಬಂತು. ‘ಈ ವಿಳಾಸದಲ್ಲಿರುವ ಸಂಖ್ಯೆ ಇನ್ನೂ ಇಷ್ಟೇ ಇದ್ದರೆ ಮಾತ್ರ ನನ್ನನ್ನು ಮಲಗಿಸು’ ಎಂದು ನಾವು ಕೇಳುತ್ತೇವೆ. ಕರ್ನಲ್ ಸಾಲಿಗೆ ಬೀಗ ಹಾಕಿಕೊಂಡು ಸಂಖ್ಯೆಯನ್ನು ನೋಡುತ್ತದೆ. ಅದು ಬದಲಾಗಿದ್ದರೆ ಮಲಗಿಸದೆ ವಾಪಸು ಕಳಿಸುತ್ತದೆ. ಕಾಯುವ ಅಗತ್ಯವೇ ಇಲ್ಲದಿದ್ದರೆ ಕರ್ನಲ್‌ವರೆಗೆ ಹೋಗುವ ಗೋಜೂ ಇಲ್ಲ. ಅದರ ವೇಗದ ಗುಟ್ಟು ಅದೇ.

ವಿಂಡೋಸ್ ಇದೇ ಉತ್ತರಕ್ಕೆ ಬಂದದ್ದು 2012ರಲ್ಲಿ, ವಿಂಡೋಸ್ 8ರ ‘ವೇಟ್‌ಆನ್‌ಅಡ್ರೆಸ್’ ಮೂಲಕ. ಆಪಲ್ ಇಂಥದ್ದನ್ನು ಎಲ್ಲರ ಬಳಕೆಗೆ ಬಿಟ್ಟದ್ದು 2024ರ ಮ್ಯಾಕ್ಓಎಸ್ 14.4ರಲ್ಲಿ. ಮೂರೂ ಒಂದೇ ಎಂದುಕೊಂಡರೆ ಮಾತ್ರ ಎಡವುತ್ತೇವೆ. ಫ್ಯೂಟೆಕ್ಸ್ ನೋಡುವುದು 4 ಬೈಟ್‌ಗಳ ಸಂಖ್ಯೆಯನ್ನು. ವಿಂಡೋಸ್ 1, 2, 4, 8 ಬೈಟ್ ಎಲ್ಲಕ್ಕೂ ಒಪ್ಪುತ್ತದೆ. ಫ್ಯೂಟೆಕ್ಸ್‌ನಿಂದ ಬೇರೆ ಪ್ರೋಸೆಸ್‌ನಲ್ಲಿ ಮಲಗಿರುವ ಥ್ರೆಡ್ಡನ್ನೂ ಎಬ್ಬಿಸಬಹುದು. ವಿಂಡೋಸ್‌ನದ್ದು ಒಂದೇ ಪ್ರೋಸೆಸ್‌ನೊಳಗಿನ ವ್ಯವಹಾರ.

ಇದು ಬರೀ ಪುಸ್ತಕದ ಮಾತಲ್ಲ. ಚಾಕಣ್‌ನ ಒಂದು ಕಾರ್ಖಾನೆಯಲ್ಲಿ ಯಂತ್ರಗಳಿಂದ ಡೇಟಾ ಸಂಗ್ರಹಿಸುವ ಪ್ರೋಗ್ರಾಮು ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡಿತ್ತು. ಬೇರೊಂದು ಕಂಪನಿ ಅದನ್ನು ವಿಂಡೋಸ್‌ಗೆ ಬದಲಾಯಿಸಿಕೊಟ್ಟ ಮೇಲೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ನಿಂತುಬಿಡುತ್ತಿತ್ತು, ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು. ಹೀಗಾಗಿ ಎಲ್ಲರ ಅನುಮಾನ ರಾತ್ರಿ ಪಾಳಿಯ ಆಪರೇಟರ್ ಹುಡುಗನ ಮೇಲೆ. ಆತನಿಂದ ಎರಡು ಸಲ ವಿವರಣೆ ಬರೆಸಿಕೊಂಡಿದ್ದರು. ಮೂರನೆಯದಕ್ಕೆ ಕೆಲಸ ಹೋಗುವ ಮಾತಿತ್ತು.

ಆ ಕೋಡ್ ನಮ್ಮ ತಂಡದ ಕೈಗೆ ಬಂದಾಗ ಅದರಲ್ಲಿ ‘ಪಲ್ಸ್‌ಈವೆಂಟ್’ ಸಿಕ್ಕಿತು. ಅದು ಆ ಕ್ಷಣದಲ್ಲಿ ಸಾಲಿನಲ್ಲಿರುವವರನ್ನು ಮಾತ್ರ ಎಬ್ಬಿಸಿ ಸುಮ್ಮನಾಗುತ್ತದೆ. ಇದು ನಂಬಲರ್ಹವಲ್ಲ, ಬಳಸಬೇಡಿ ಎಂದು ಮೈಕ್ರೋಸಾಫ್ಟ್‌ನ ಕೈಪಿಡಿಯೇ ಹೇಳುತ್ತದೆ. ಬೀಗ ಬಿಡುವ ಸಾಲಿಗೂ ಕಾಯಲು ಹೋಗುವ ಸಾಲಿಗೂ ನಡುವೆ ಬೇಕೆಂದೇ ಅರ್ಧ ಸೆಕೆಂಡಿನ ನಿದ್ದೆ ಸೇರಿಸಿದೆವು. ತಿಂಗಳಿಗೊಮ್ಮೆ ಕಾಣುತ್ತಿದ್ದ ತೊಂದರೆ ನಿಮಿಷದೊಳಗೆ ಕಂಡಿತು. ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲಿರುವ ಕಂಡಿಷನ್ ವೇರಿಯಬಲ್ ಬಳಸಿ ಬರೆದೆವು; ಅದು ಬೀಗ ಬಿಡುವುದನ್ನೂ ಮಲಗುವುದನ್ನೂ ಒಂದೇ ಉಸಿರಿನಲ್ಲಿ ಮಾಡುತ್ತದೆ. ಅದೇ ಅರ್ಧ ಸೆಕೆಂಡಿನ ಪರೀಕ್ಷೆಯ ವರದಿಯನ್ನು ಕಾರ್ಖಾನೆಯವರಿಗೂ ಕಳಿಸಿದೆವು. ಹುಡುಗನ ಮೇಲಿನ ದೂರು ಕೈಬಿಟ್ಟರು.

ನಡುವೆ ಒಬ್ಬರು ‘ನೂರು ಮಿಲಿಸೆಕೆಂಡ್ ಟೈಮ್‌ಔಟ್ ಹಾಕಿಬಿಡಿ, ತಾನಾಗಿಯೇ ಏಳುತ್ತೆ’ ಎಂದಿದ್ದರು. ಏಳುತ್ತದೆ, ನಿಜ. ಆದರೆ ಕರೆ ಕಳೆದುಹೋಗುವುದು ನಿಲ್ಲುವುದಿಲ್ಲ; ಹ್ಯಾಂಗ್ ಹೋಗಿ ನಿಧಾನ ಬರುತ್ತದೆ, ಅದನ್ನು ಹುಡುಕುವುದು ಇನ್ನೂ ಕಷ್ಟ.

ಇನ್ನೊಂದು ಎಚ್ಚರಿಕೆ. ಹೋಟೆಲಿನಲ್ಲಿ ಹೆಸರು ಕರೆದರೂ ನೀವು ಒಳಗೆ ಹೋಗುವಷ್ಟರಲ್ಲಿ ಬೇರೆ ಯಾರೋ ಕೂತಿರಬಹುದು. ಥ್ರೆಡ್‌ಗಳಿಗೂ ಹಾಗೇ. ಕೆಲವೊಮ್ಮೆ ಯಾರೂ ಕರೆಯದೆಯೂ ಎಚ್ಚರವಾಗುವುದುಂಟು. ಪೋಸಿಕ್ಸ್ ಮಾನದಂಡವೇ ಅದಕ್ಕೆ ಅವಕಾಶ ಕೊಟ್ಟಿದೆ. ಆದ್ದರಿಂದ ಎದ್ದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು, ‘ಇಫ್’ ಸಾಲದು, ‘ವೈಲ್’ ಬೇಕು.

ಹೊಸದಾಗಿ ಬರೆಯುವವರಿಗೆ ಈಗ ದಾರಿ ಸುಲಭ. ಸಿ ಪ್ಲಸ್ ಪ್ಲಸ್‌ನ 2020ರ ಆವೃತ್ತಿಯಲ್ಲಿ ಅಟಾಮಿಕ್ ವೇರಿಯಬಲ್ ಮೇಲೆಯೇ ಕಾಯುವ, ಎಬ್ಬಿಸುವ ಸೌಲಭ್ಯವಿದೆ. ಪ್ರತಿ ಸಿಸ್ಟಮ್‌ಗೂ ಬೇರೆ ಬೇರೆ ಬರೆಯಬೇಕಿಲ್ಲ. ಹಳೆಯ ಕೋಡ್ ನೋಡಿಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ‘ಯಾವಾಗಲೋ ಒಮ್ಮೆ ನಿಂತುಹೋಗುತ್ತೆ, ರೀಸ್ಟಾರ್ಟ್ ಮಾಡಿ’ ಎನ್ನುವ ಪ್ರೋಗ್ರಾಮು ನಿಮ್ಮ ಆಫೀಸಿನಲ್ಲಿದ್ದರೆ, ಮುಂದಿನ ಸಲ ನಿಂತಾಗ ಕೂಡಲೇ ರೀಸ್ಟಾರ್ಟ್ ಮಾಡಬೇಡಿ. ಡಿಬಗರ್ ಜೋಡಿಸಿ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ತೆಗೆದಿಟ್ಟುಕೊಳ್ಳಿ. ಯಾವುದು ಯಾವ ಕರೆಗಾಗಿ ಕಾಯುತ್ತ ಮಲಗಿದೆ ಎಂಬುದು ಅದರಲ್ಲಿ ಕಾಣುತ್ತದೆ. ಆ ಕರೆ ಕೊಡಬೇಕಾದವರು ಯಾವಾಗ ಕೊಟ್ಟರು ಎಂದು ಅಲ್ಲಿಂದ ಹುಡುಕಲು ಶುರು ಮಾಡಿ.